ಎಸರು ಬಿದ್ದ ಕಾಲು

ಜುಲೈ 4, 2002, ಥರ್ಸ್‌ಡೇ

ನಿನ್ನೆ ಕೆಮಿಸ್ಟ್ರಿ ಲ್ಯಾಬಿನಲ್ಲಿದ್ದಾಗ ವಾರ್ಡನ್ ಕರೆಸಿ, ಊರಿಂದ ಫೋನ್ ಬಂದಿತ್ತು, ನಿಮ್ಮ ಸೋದರತ್ತೆ ತೀರಿಕೊಂಡರಂತೆ, ಹೊರಡು ಅಂದರು. ನಾನು ಮೊದಲು ಕೇಳಿದ್ದು, ಅಟೆಂಡೆನ್ಸ್ ಶಾರ್ಟೇಜ್ ಆಗುತ್ತಾ ಸರ್ ಅಂತ. ಯಾಕೆ ಹಾಗೆ ಕೇಳಿದೆನೋ. ತುಮಕೂರಿಂದ ತಿಪಟೂರಿನವರೆಗೂ ಅದನ್ನೇ ಯೋಚನೆ ಮಾಡಿದೆ. ಡಿಗ್ರಿ ಸೇರಿ ಇನ್ನೂ ಸೀಟ್ ನಂಬರ್ ಬಾಯಿಪಾಠ ಆಗಿಲ್ಲ, ಆಗಲೇ ಲೀವ್. ಲೆಕ್ಚರರ್ ಏನಂದುಕೊಳ್ಳುತ್ತಾರೋ. ಅಂಕಮ್ಮತ್ತೆ ಇನ್ನಿಲ್ಲ ಅನ್ನುವುದು ತಲೆಯೊಳಕ್ಕೆ ಇಳಿದದ್ದು ಹಾಲ್ಕುರಿಕೆ ಬಸ್ಸಿನಲ್ಲಿ. ಪಕ್ಕದ ಹೆಂಗಸು ಎಲೆಅಡಿಕೆ ಚೀಲ ಬಿಚ್ಚಿದಳು, ಅತ್ತೆಯ ಸೆರಗಿನದೇ ಆ ವಾಸನೆಗೆ.

ಕನ್ನಡದಲ್ಲಿ ಬರೆಯುತ್ತಿದ್ದೇನೆ, ಇಂಗ್ಲಿಷಿನಲ್ಲಿ ಬರೆದರೆ ರೂಮ್‌ಮೇಟ್ ಓದುತ್ತಾನೆ, ಅವನಿಗೆ ಕನ್ನಡ ಓದಲು ಬರುವುದಿಲ್ಲ. ಸ್ಪೆಲಿಂಗ್ ತಪ್ಪಾದರೆ ನೋಡುವವರಿಲ್ಲ.

ಅಂಕಮ್ಮತ್ತೆ ಅಪ್ಪನ ಅಕ್ಕ. ನೊಣವಿನಕೆರೆ ಕಡೆಗೆ ಕೊಟ್ಟಿದ್ದರಂತೆ. ಮದುವೆಯಾದ ವರ್ಷವೇ ವಾಪಸ್ ಬಂದಳು. ಹೊಂದಿಕೆ ಆಗಲಿಲ್ಲ ಅಂತಷ್ಟೇ ನನಗೆ ಹೇಳಿದ್ದು. ಐದನೇ ಕ್ಲಾಸಿಗೆ ನನ್ನನ್ನು ರೆಸಿಡೆನ್ಷಿಯಲ್ ಸ್ಕೂಲಿಗೆ ಹಾಕುವವರೆಗೆ ನಾನು ಮಲಗಿದ್ದು ಅವಳ ಮಗ್ಗುಲಲ್ಲೇ.

ಇವತ್ತು ಮಣ್ಣು ಮಾಡಿದರು. ನಮ್ಮಲ್ಲಿ ಸುಡುವುದಿಲ್ಲ. ನಾನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಜಗಲಿ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು, ಗದ್ದಕ್ಕೆ ಬಟ್ಟೆ ಕಟ್ಟಿ. ಪಕ್ಕದ ಮನೆ ಸಿದ್ದಮ್ಮಜ್ಜಿ ಮೈ ತೊಳೆದಳು, ಬೇರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಸೀರೆ ಅಡ್ಡ ಹಿಡಿದು ಒಬ್ಬಳೇ ಎಲ್ಲ ಮಾಡಿದಳು. ಆಮೇಲೆ ಕಾಲು ಮುಟ್ಟಿ ನಮಸ್ಕಾರ ಮಾಡು ಅಂದರು. ಬಗ್ಗಿದಾಗ ನೋಡಿದೆ.

ಅವಳ ಎಡಗಾಲು, ಪಾದದಿಂದ ಮೊಣಕಾಲ ಕೆಳಗಿನವರೆಗೆ ಬಿಳಿ. ಮುದ್ದೆಗೆ ಇಟ್ಟ ಕುದಿಯುವ ಎಸರು ಬಿದ್ದು ಬೆಂದದ್ದು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಯಾವಾಗಲೂ ಅರಿಶಿನ ಬಳಿದಿರುತ್ತಿದ್ದಳು. ಇವತ್ತು ಅರಿಶಿನ ತೊಳೆದುಹೋಗಿತ್ತು. ಬೆಂದ ಚರ್ಮ ಹಾಗಿರುವುದಿಲ್ಲ, ಸುಕ್ಕು ಕಟ್ಟಿ ಗಂಟುಗಂಟಾಗುತ್ತದೆ. ಇದು ನುಣ್ಣಗಿತ್ತು, ಅಂಚು ಗೆರೆ ಎಳೆದ ಹಾಗೆ. ಪಿಯುಸಿ ಬಯಾಲಜಿ ಗೈಡಿನಲ್ಲಿ ಇದರದ್ದೇ ಫೋಟೋ ಇತ್ತು. ವಿಟಿಲಿಗೋ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಇವರಿಗೆ ಯಾರಿಗೂ ಗೊತ್ತಾಗಿಲ್ಲ. ಪಾಪ ಅನ್ನಿಸಿತು. ಒಬ್ಬರೂ ಡಾಕ್ಟರಿಗೆ ತೋರಿಸಿಲ್ಲ.

ಕೊಟ್ಟ ಹೆಣ್ಣನ್ನು ತವರಿನ ಮಣ್ಣಿಗೆ ಇಡುವ ವಾಡಿಕೆ ಇಲ್ಲವಂತೆ. ಅಪ್ಪ ಯಾರನ್ನೂ ಕೇಳಲಿಲ್ಲ, ತೋಟದಲ್ಲೇ ಗುಣಿ ತೋಡಿಸಿದ. ಊರಿಗೆಲ್ಲ ಗುಣಿ ತೋಡುವ ದುರ್ಗಯ್ಯನೇ ತೋಡಿದ್ದ. ಉಪ್ಪು ಸುರಿದು ಇಳಿಸಿದರು. ಎಲ್ಲರೂ ಮೂರು ಮೂರು ಹಿಡಿ ಮಣ್ಣು. ನನ್ನ ಮೊದಲನೇ ಹಿಡಿ ಅವಳ ಮುಖದ ಮೇಲೇ ಬಿತ್ತು, ಗುರಿ ತಪ್ಪಿ. ಮೇಲೆ ಜಾಲಿಮುಳ್ಳು ಹೊದಿಸಿ, ಹಿಂದಕ್ಕೆ ತಿರುಗಿ ನೋಡದೆ ಬರಬೇಕು ಅಂದರು. ಮನೆಗೆ ಬಂದು ದೀಪ ನೋಡಬೇಕು. ನೋಡಿದೆ. ಸಾಧಾರಣ ಎಣ್ಣೆ ದೀಪ.

ಜುಲೈ 6, ಸ್ಯಾಟರ್‌ಡೇ

ಹಾಲುತುಪ್ಪ. ಗುಣಿಯ ಮೇಲೆ ಹಾಲು, ತುಪ್ಪ ಬಿಟ್ಟು, ಅವಳಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಎಡೆ ಇಟ್ಟು ಕಾಗೆಗೆ ಕಾದರು. ಕಾಗೆ ತೆಂಗಿನ ಗರಿ ಮೇಲೆ ಕೂತು ಇಳಿಯಲೇ ಇಲ್ಲ. ಯಾರೋ ಕೈ ಮುಗಿದು, ತಪ್ಪಾಗಿದ್ರೆ ಒಟ್ಟೆಗಾಕ್ಕೊಳವ್ವ ಅಂದರು. ನನಗೆ ಬಿಸಿಲು. ಒಳಗೊಳಗೇ ನಗು. ಕಾಗೆಗೆ ಜನ ಕಂಡರೆ ಭಯ, ಸರಿದು ನಿಂತರೆ ತಾನೇ ಬರುತ್ತದೆ ಅಂತ ಹೇಳಬೇಕೆನ್ನಿಸಿ ಸುಮ್ಮನಾದೆ.

ಸಿದ್ದಮ್ಮಜ್ಜಿ ನನ್ನ ಪಕ್ಕ ಕೂತಿದ್ದಳು. ಅತ್ತೆಗೆ ಇವಳೊಬ್ಬಳೇ ಗೆಳತಿ. ಸಾವಿನ ಮಾತನ್ನು ಸಂತೆ ಮಾತಿನ ಹಾಗೆ ಆಡುತ್ತಾಳೆ. ಮಗ ಕೆಂಚಪ್ಪ ಅವಳಿಗೆ ಹುಣಸೆಮರದ ಬುಡ ನೋಡಿಟ್ಟಿದ್ದಾನಂತೆ, ಅಲ್ಲಿ ಕೆಂಜಿಗದ ಇರುವೆ ಜಾಸ್ತಿ, ಸತ್ತ ಮೇಲೂ ಕೆರ್ಕೊಂಡು ಕೂತಿರಬೇಕಾ ಅಂತ ಬೈದಳಂತೆ. ಹೊಲದ ಮೂಲೆಯಲ್ಲಿ ಅವಳ ಎಳೇ ಹೆಣ್ಣುಮಗು ಮಲಗಿದೆ, ಅದರ ಮಗ್ಗುಲೇ ಬೇಕಂತೆ. "ಅಲ್ ಒಂದೇ ಐತೆ ಕಣಪ್ಪ, ಕತ್ಲಾಗೆ," ಅಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಕಾಗೆಯನ್ನು ಬೈಯತೊಡಗಿದಳು.

ಜುಲೈ 13, ಸ್ಯಾಟರ್‌ಡೇ

ತಿಥಿ ಮುಗಿಯಿತು. ನಾಳೆ ಹೋಗಬಹುದು. ರೆಕಾರ್ಡ್ ಬುಕ್ ಬರೆದಿಲ್ಲ. ಹಾಸ್ಟೆಲಿನಲ್ಲಿ ಸೀನಿಯರ್ಸ್ ನನ್ನ ಬೆಡ್ ಯಾರಿಗಾದರೂ ಕೊಟ್ಟಿರುತ್ತಾರಾ?

ದಯಾನಂದ ಸಿಕ್ಕಿದ್ದ. ಪ್ರೈಮರಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಈಗ ಟೆಂಪೋದಲ್ಲಿ ತೆಂಗಿನಕಾಯಿ ಲೋಡ್ ಹೊಡೆಯುತ್ತಾನೆ. ಊಟವಾದ ಮೇಲೆ ತೆಂಗಿನ ಮಟ್ಟೆ ರಾಶಿ ಹಿಂದೆ ಕೂತೆವು. ನನ್ನ ಮಾತು ಕೇಳಿ, ಟೀವಿಯಾಗೆ ವಾರ್ತೆ ಓದ್ದಂಗೆ ಆಡ್ತೀಯಲ್ಲೋ ಅಂತ ನಕ್ಕ. ಈ ಸಲ ನುಸಿ ಹತ್ತಿ ಕಾಯಿ ಮುಷ್ಟಿ ಗಾತ್ರ ಆಗಿದೆ ಅಂದ. ಮಳೆ ಬಿದ್ದಿದ್ದರೆ ನುಸಿ ತೊಳೆದುಹೋಗುತ್ತಿತ್ತಂತೆ. ಅವನಿಗೆ ಎಲ್ಲ ಗೊತ್ತಿದೆ, ಗೇರ್ ಗೊತ್ತು, ರೇಟ್ ಗೊತ್ತು. ಅದಕ್ಕೇ ಅತ್ತೆಯ ಕಾಲಿನ ವಿಷಯ ತೆಗೆದೆ ಅನ್ನಿಸುತ್ತದೆ. ಎಸರಲ್ಲ ಅದು, ಚರ್ಮದಲ್ಲಿ ಬಣ್ಣ ಮಾಡುವ ಸೆಲ್ಸ್ ಸತ್ತುಹೋದರೆ ಹಾಗಾಗುತ್ತದೆ, ಅಂಟುವುದೂ ಇಲ್ಲ, ನೋಯುವುದೂ ಇಲ್ಲ ಅಂತ ವಿವರಿಸಿದೆ. ಅವನು ಬಾಯಿಗೆ ಹಾಕುತ್ತಿದ್ದ ಅಡಿಕೆ ಕೈಯಲ್ಲೇ ಹಿಡಿದುಕೊಂಡ.

"ಅಂದ್ರೆ ತೊನ್ನು ಅಂತೀಯಾ," ಅಂದ.

ಜನ ಹಾಗೆ ಕರೆಯುತ್ತಾರೆ ಅಂದೆ. ಇನ್ಯಾರಿಗೆ ಹೇಳಿದ್ದೀಯ ಅಂತ ಕೇಳಿದ. ನಿನಗೇ ಮೊದಲು ಅಂದೆ. ಮೊದಲ ಸಲ ನನ್ನ ಮಾತನ್ನು ಯಾರೋ ಅಷ್ಟು ಗಮನವಿಟ್ಟು ಕೇಳಿದ್ದು. ಖುಷಿಯಾಯಿತು.

ಜುಲೈ 21, ಸಂಡೇ, ತುಮಕೂರು

ಇನ್ನೊಂದು ವಾರಕ್ಕೆ ಇಂಟರ್ನಲ್ಸ್. ಏನೂ ಓದಿಲ್ಲ. ಮೆಸ್ಸಿನಲ್ಲಿ ತಟ್ಟೆ ಹಿಡಿದು ಎಲ್ಲಿ ಕೂರಬೇಕು ಅಂತ ಗೊತ್ತಾಗದೆ ನಿಂತಿರುತ್ತೇನೆ. ಅಪ್ಪನಿಗೆ ಫೋನ್ ಮಾಡಿದೆ. ಪುಷ್ಯ ಮಳೆಯೂ ಕೈಕೊಡೋ ಹಂಗೈತೆ, ಬೋರನಕಣಿವೆ ಡ್ಯಾಮು ತಳ ಕಾಣ್ತಾ ಐತಂತೆ, ಉಳುಮೆ ಮಾಡಿ ಬಿಟ್ಟಿವ್ನಿ ಅಂದ. ಪುಷ್ಯ ಅಂದರೆ ಯಾವ ತಿಂಗಳು ಅಂತ ಕೇಳಿದೆ. ಅಪ್ಪ, ಓದ್ಕೊ ಅಂತ ಇಟ್ಟುಬಿಟ್ಟ.

ಆಗಸ್ಟ್ 4, ಭಾನುವಾರ

ಇಂಟರ್ನಲ್ಸ್ ಮುಗಿಸಿ ಊರಿಗೆ ಬಂದೆ. ಬಸ್ ಇಳಿದಾಗ ಅಂಗಡಿ ಮುಂದೆ ಕೂತವರು ಮಾತು ನಿಲ್ಲಿಸಿದರು. ನನ್ನ ಪ್ಯಾಂಟ್ ಹರಿದಿದೆಯೇನೋ ಅಂತ ಹಿಂದೆ ಮುಟ್ಟಿ ನೋಡಿಕೊಂಡೆ.

ಅವ್ವ ಒಲೆ ಮುಂದೆ ಕೂತು ಹೇಳಿದಳು, ನನ್ನ ಮುಖ ನೋಡದೆ. ಊರಲ್ಲಿ ಮಾತು ಎದ್ದಿದೆಯಂತೆ. ತೊನ್ನಿದ್ದವರನ್ನು ಮಣ್ಣಲ್ಲಿಟ್ಟರೆ ಆ ಊರಿಗೆ ಮೋಡ ಬಂದೂ ಮಳೆ ಇಳಿಯುವುದಿಲ್ಲವಂತೆ. ತೆಗೆದು ಸುಡಬೇಕಂತೆ. ಸುತ್ತಿನ ಊರಲ್ಲಿ ಒಂದೆರಡು ಹನಿಯಾದರೂ ಬಿದ್ದಿದೆ, ನಮ್ಮ ಎಲ್ಲೆಯಲ್ಲಿ ಮಾತ್ರ ಇಲ್ಲ ಅಂತ ಲೆಕ್ಕ ಹಾಕಿದ್ದಾರೆ. ನಾಳೆ ಸೋಮವಾರ, ಎತ್ತಿಗೆ ಬಿಡುವು, ಆರು ಕಟ್ಟೋದಿಲ್ಲ, ಎಲ್ಲರೂ ಊರಲ್ಲಿರುತ್ತಾರೆ. ಬಸವರಾಜಪ್ಪನವರು ಪಂಚಾಯ್ತಿ ಸೇರಿಸಿದ್ದಾರೆ. ಅವರೇ ಊರಿನ ಯಜಮಾನರು.

ಇಂಥದ್ದೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ, ನಿಜವಾಗಿ. ನೀನೇನಾದರೂ ಯಾರ ಹತ್ತಿರವಾದರೂ ಅಂದೆಯಾ ಅಂತ ಅವ್ವ ಕೇಳಿದಳು. ಇಲ್ಲ ಅಂದೆ.

ದಯಾನಂದನ ಮನೆ ಹತ್ತಿರ ಹೋದೆ. ನಮ್ಮವ್ವಂಗೆ ಒಬ್ಳಿಗೇ ಅಂದಿದ್ದು ಕಣ್ಲಾ, ಆಣೆಗೂ, ಅಂದ. ಅವನ ಕಣ್ಣಲ್ಲಿ ನೀರಿತ್ತು. ಹೊಡೆಯಬೇಕು ಅಂತ ಹೋಗಿದ್ದೆ. ನಾನು ಯಾರಿಗೂ ಹೊಡೆದಿಲ್ಲ, ಹೇಗೆ ಶುರು ಮಾಡಬೇಕು ಅಂತಲೂ ಗೊತ್ತಾಗಲಿಲ್ಲ. ವಾಪಸ್ ಬಂದೆ.

ಆಗಸ್ಟ್ 5, ಸೋಮವಾರ

ಅರಳಿಕಟ್ಟೆಗೆ ಅಪ್ಪನ ಜೊತೆ ಹೋದೆ. ದಾರಿಯಲ್ಲಿ ಅಪ್ಪ ಒಂದೇ ಮಾತು ಅಂದಿದ್ದು, ನೀನು ಬಾಯಿ ಬಿಡಬ್ಯಾಡ ಅಂತ.

ಅಪ್ಪ ಎಸರು ಅಂದ. ಯಾವ ವರ್ಷ, ಯಾವ ಹಬ್ಬದ ದಿನ, ಯಾವ ಮಡಕೆ ಅಂತೆಲ್ಲ ಹೇಳಿದ. ಸಿದ್ದಮ್ಮಜ್ಜಿ ದೂರದಲ್ಲಿ ನಿಂತೇ ಕೂಗಿ, ಮೈ ತೊಳ್ದೋಳು ನಾನು, ಬೆಂದಿದ್ದೇ ಅದು, ಯಾರೋ ಮೂಳ ಎಬ್ಸವ್ನೆ ಅಂದಳು. ಅರ್ಧ ಜನ ಎದ್ದು ಪಂಚೆ ಕೊಡವಿಕೊಂಡರು. ಮುಗಿಯಿತು ಅಂದುಕೊಂಡೆ. ಆಗ ಬಸವರಾಜಪ್ಪನವರು ನನ್ನ ಕಡೆ ತಿರುಗಿದರು. ಜೋರು ಮಾಡಲಿಲ್ಲ, ಮಕ್ಕಳನ್ನು ಮಾತಾಡಿಸುವ ಹಾಗೆ ಮಾತಾಡಿಸಿದರು.

"ಏನಪ್ಪ ರಂಗ, ನೀನು ಓದಿರೋನು. ಏನೋ ಅಂದೆ ಅಂತ ಸುದ್ದಿ. ಎಸರು ಅಂತ ನೀನೂ ಒಂದ್ಮಾತು ಅಂದ್ಬುಡು. ಎಲ್ಲಾ ಎದ್ದು ಮನೆಗೋಗ್ತೀವಿ."

ಅಪ್ಪ ನನ್ನನ್ನೇ ನೋಡುತ್ತಿದ್ದ. ಅಷ್ಟು ಜನ ನನ್ನ ಮುಖ ನೋಡಿದ್ದು ಇದೇ ಮೊದಲು. ನನಗೆ ಅನ್ನಿಸಿದ್ದು ಇದು: ಸುಳ್ಳಿನಿಂದ ಇವತ್ತು ತಪ್ಪಿಸಿಕೊಂಡರೆ ನಾಳೆ ಮತ್ತೆ ಏಳುತ್ತದೆ. ಸರಿಯಾಗಿ ಅರ್ಥ ಮಾಡಿಸಿಬಿಟ್ಟರೆ ಶಾಶ್ವತವಾಗಿ ಮುಗಿಯುತ್ತದೆ. ಎದ್ದು ನಿಂತೆ. ಕಡ್ಡಿ ತಗೊಂಡು ಮಣ್ಣಿನಲ್ಲಿ ಚರ್ಮದ ಲೇಯರ್ಸ್ ಬರೆದೆ. ಮೆಲನಿನ್ ಅಂದರೇನು ಅಂತ ಹೇಳಿದೆ. ಮಳೆ ಹೇಗೆ ಬರುತ್ತದೆ, ಅರಬ್ಬೀ ಸಮುದ್ರ, ಮಾನ್ಸೂನ್ ಎಲ್ಲ ಹೇಳಿದೆ. ನಾಲಿಗೆ ತೊದಲಲಿಲ್ಲ. ನನಗೇ ಆಶ್ಚರ್ಯ. ಕ್ಲಾಸಿನಲ್ಲಿ ಒಂದು ಸೆಮಿನಾರ್ ಕೊಡಲು ಸಾಯುತ್ತೇನೆ. ಅಂಕಮ್ಮತ್ತೆಗೆ ಇದ್ದದ್ದು ಅದೇ, ಆದರೆ ಅದಕ್ಕೂ ಮೋಡಕ್ಕೂ ಏನೂ ಸಂಬಂಧವಿಲ್ಲ ಅಂದೆ.

"ಅಂದ್ರೆ ತೊನ್ನೇ," ಅಂದರು ಬಸವರಾಜಪ್ಪನವರು.

ಹೌದು, ಆದರೆ, ಅಂದೆ.

"ಆಯ್ತು ಕೂತ್ಕೊಳಪ್ಪ."

ಅವರ ಮುಖ ಬಿದ್ದುಹೋಗಿತ್ತು. ಗೆದ್ದವರ ಮುಖ ಹಾಗಿರುವುದಿಲ್ಲ. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದುಹೋದ. ತೆಗೆದು ಸುಡುವುದು ಗುರುವಾರ ಅಂತ ಗೊತ್ತು ಮಾಡಿದರು.

ಅವ್ವ ಇಷ್ಟೇ ಅಂದಳು: "ಎಸರು ಅಂದಿದ್ರೆ ನಿನ್ನ ಗಂಟೇನೋಗ್ತಿತ್ತು?"

ಅವಳಿಗೆ ಗೊತ್ತಿತ್ತಾ? ಮೊದಲಿಂದಲೂ?

ಆಗಸ್ಟ್ 6

ಪೊಲೀಸ್ ಕಂಪ್ಲೇಂಟ್ ಕೊಡುವುದು ಅಂತ ತೀರ್ಮಾನಿಸಿ ತಿಪಟೂರಿಗೆ ಹೋದೆ. ರೆಸ್ಪೆಕ್ಟೆಡ್ ಸರ್ ಅಂತ ಶುರು ಮಾಡಿ ಒಂದು ಪೇಜ್ ಬರೆದಿದ್ದೆ. ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ಕೂತೆ. ಯಾರ ಹೆಸರು ಬರೆಯಬೇಕು? ಬಸವರಾಜಪ್ಪನವರದಾ? ಕಟ್ಟೆ ಮೇಲೆ ಅವರ ಪಕ್ಕ ಕೂತಿದ್ದ ಕೆಂಚಪ್ಪನದಾ? ದಯಾನಂದನದಾ? ಊರಿಗೆ ಜೀಪು ಬಂದರೆ ಆಮೇಲೆ ಅಪ್ಪ ಯಾರ ಮುಂದೆ ತಿರುಗಾಡುವುದು, ನಮ್ಮ ಕಾಯಿ ಯಾರು ಕೆಡವುತ್ತಾರೆ, ಅವ್ವ ನೀರಿಗೆ ಎಲ್ಲಿ ಹೋಗುತ್ತಾಳೆ. ಒಳಗೆ ಹೋಗಿ ನನ್ನ ಬಾಯಲ್ಲಿ ಮಾತು ಬರದಿದ್ದರೆ. ಎರಡು ಟೀ ಕುಡಿದೆ. ಒಬ್ಬ ಕಾನ್‌ಸ್ಟೇಬಲ್ ಹೊರಗೆ ಬಂದು ನನ್ನನ್ನು ನೋಡಿ, ಏನಪ್ಪ ಅಂದರು. ಬಸ್ ಸ್ಟ್ಯಾಂಡ್ ಯಾವ ಕಡೆ ಸರ್ ಅಂತ ಕೇಳಿದೆ.

ಆಗಸ್ಟ್ 8, ಗುರುವಾರ

ಬೆಳಗಿನ ಹೊತ್ತಿಗೇ ತೋಟಕ್ಕೆ ಹೋದರು. ಹೆಂಗಸರು ಬರಬಾರದು. ಸಿದ್ದಮ್ಮಜ್ಜಿ ಬೇಲಿವರೆಗೂ ಬೈಯುತ್ತಾ ಬಂದಳು, ಕೆಂಚಪ್ಪ ರಟ್ಟೆ ಹಿಡಿದು ಎಳೆದುಕೊಂಡು ಹೋದ.

ಮನೆಯವರೇ ಮೊದಲ ಹಾರೆ ಹಾಕಬೇಕು ಅಂತ ಯಾರೋ ಅಂದರು. ದುರ್ಗಯ್ಯ ಹಾರೆ ಹಿಡಿದು ತಲೆ ಬಗ್ಗಿಸಿಕೊಂಡು ನಿಂತಿದ್ದ. ಅಪ್ಪ ಅವನ ಕೈಯಿಂದ ಇಸ್ಕೊಂಡ. ಒಂದು ಏಟು ಹಾಕಿ ಕೊಡುತ್ತಾನೆ ಅಂದುಕೊಂಡೆವು. ಕೊಡಲಿಲ್ಲ.

"ನಮ್ಮಕ್ಕನ್ನ ನಾನೇ ಎತ್ತೀನಿ. ಯಾರೂ ಮುಟ್ಟಬ್ಯಾಡಿ."

ಮುಳ್ಳು ಅವನೇ ಎಳೆದು ಹಾಕಿದ. ಅವನೇ ಅಗೆದ. ಮಣ್ಣು ಮಂಕರಿಗೆ ತುಂಬಿ ಕೊಟ್ಟದ್ದನ್ನು ನಾನು ಮೇಲೆ ನಿಂತು ಸುರಿದೆ. ಒಣ ಮಣ್ಣು, ಒಂದು ಹನಿ ನೀರು ಕಾಣದ್ದು, ಹಾಗಾಗಿ ಇನ್ನೂ ಸಡಿಲವಾಗೇ ಇತ್ತು. ಉಪ್ಪು ಸಿಕ್ಕಿತು ಮೊದಲು. ಆಮೇಲೆ ಸೀರೆ. ನನಗೆ ಗುರುತಾಗಿದ್ದು ಸೀರೆಯಿಂದ ಮಾತ್ರ. ವಾಸನೆಗೆ ಬಹಳ ಜನ ದೂರ ಹೋಗಿ ಬದುವಿನ ಮೇಲೆ ನಿಂತರು. ಅಪ್ಪ ಗುಣಿಯೊಳಗಿಂದ ಗೋಣಿ ತಾಟು ಕೇಳಿದ. ನಾನು ಇಳಿದೆ. ಇಳಿಯುವವರು ಬೇರೆ ಯಾರೂ ಇರಲಿಲ್ಲ. ಕಾಲ ಕಡೆ ನಾನು ಹಿಡಿದೆ. ಎಡಗಾಲು, ಬಲಗಾಲು. ಬಿಳಿ ಯಾವುದು, ಕಪ್ಪು ಯಾವುದು ಅಂತ ತಿಳಿಯುತ್ತಿರಲಿಲ್ಲ. ಎಲ್ಲ ಒಂದೇ ಬಣ್ಣ. ಮೇಲೆ ಕೂಗಿ ಹೇಳಬೇಕು ಅನ್ನಿಸಿತು, ನೋಡಿ ಬನ್ನಿ, ಈಗ ಹೇಳಿ ಅಂತ. ಬಾಯಿ ಮುಚ್ಚಿ ಉಸಿರು ಬಿಗಿ ಹಿಡಿದಿದ್ದೆ, ಕೂಗಲಾಗಲಿಲ್ಲ.

ಮಟ್ಟೆ, ಚಿಪ್ಪು, ಒಣ ಗರಿ ಮನೆ ಮನೆಯಿಂದ ತಂದು ಒಟ್ಟಿದ್ದರು. ಚಿಪ್ಪು ಉರಿಯುವಾಗ ಎಣ್ಣೆ ಬಿಟ್ಟು ಸಿಡಿಯುತ್ತದೆ. ಒಂದೊಂದು ಸಿಡಿದಾಗಲೂ ಅಪ್ಪ ಕಣ್ಣು ಮುಚ್ಚುತ್ತಿದ್ದ. ಬಸವರಾಜಪ್ಪನವರು ಬೆಂಕಿ ಆರುವವರೆಗೂ ಬಿಸಿಲಲ್ಲಿ ನಿಂತಿದ್ದರು. ಹೋಗುವಾಗ ಅಪ್ಪನ ಹೆಗಲ ಮೇಲೆ ಕೈ ಇಟ್ಟರು. ಅಪ್ಪ ತೆಗೆಯಲೂ ಇಲ್ಲ, ಏನೂ ಇಲ್ಲ.

ಆಗಸ್ಟ್ 9

ಮೋಡ ಇತ್ತು. ಹೋಯಿತು.

ಆಗಸ್ಟ್ 11, ಭಾನುವಾರ, ಅಸಲೆ ಮಳೆ

ಸುಟ್ಟ ಮೇಲೆ ಬೂದಿಯನ್ನು ಏನು ಮಾಡಬೇಕು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾವು ಸುಟ್ಟವರೇ ಅಲ್ಲ. ನೀರಿಗೆ ಬಿಡುತ್ತಾರೆ ಅಂತ ಯಾರೋ ಹೇಳಿದರು. ಮಡಕೆಗೆ ತುಂಬಿಕೊಂಡು ಅಪ್ಪನೂ ನಾನೂ ಬೋರನಕಣಿವೆಗೆ ಹೋದೆವು. ಹುಳಿಯಾರಿಂದ ಆಟೋ. ಮಡಕೆ ನನ್ನ ತೊಡೆ ಮೇಲಿತ್ತು. ನೀರು ಎಲ್ಲೋ ದೂರದಲ್ಲಿ ತೆಳ್ಳಗೆ ಕಾಣುತ್ತಿತ್ತು. ಒಣಗಿ ಬಿರಿದ ಕೆಸರಿನ ಮೇಲೆ ನಡೆದೆವು. ಹತ್ತಿರ ಹೋದಾಗ ಕಾಲು ಹೂತುಕೊಳ್ಳತೊಡಗಿತು. ಅಪ್ಪ ಮುಂದೆ ಹೋಗಿ ಬಿಟ್ಟು ಬಂದ. ಅರ್ಧ ಕೆಸರಲ್ಲೇ ಬಿತ್ತು.

ಏರಿ ಮೇಲೆ ಕೂತು ಬೀಡಿ ಹಚ್ಚಿದ. ನಾನು ತಪ್ಪಾಯ್ತಪ್ಪ ಅಂದೆ, ನಿಜ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ ಅಂದುಕೊಂಡೆ ಅಂದೆ. ಬೀಡಿ ಮುಗಿಸಿ ಅಪ್ಪ ಬಾಯಿ ಬಿಟ್ಟ.

"ನಿಜ ಯಾರಿಗ್ ಗೊತ್ತಿರ್ಲಿಲ್ಲ ಕಣಪ್ಪ. ಬಸವರಾಜಪ್ಪಂಗೂ ಗೊತ್ತಿತ್ತು, ಊರಿಗೆಲ್ಲಾ ಗೊತ್ತಿತ್ತು. ಎಸರು ಅಂತ ನಾವಂದ್ವಿ, ಹೂಂ ಅಂತ ಅವ್ರಂದ್ರು. ಅಂಗೇ ಬಾಳ್ಕೊಂಡ್ ಬಂದ್ಲು ನಮ್ಮಕ್ಕ."

ಆಮೇಲೆ ಬಸ್ಸಿನಲ್ಲಿ ನನ್ನ ಕಾಲೇಜಿನ ಬಗ್ಗೆ ಕೇಳಿದ, ಊಟ ಹೆಂಗಿರುತ್ತೆ ಅಂತ. ಚೆನ್ನಾಗಿರುತ್ತೆ ಅಂದೆ.

ಆಗಸ್ಟ್ 15, ತುಮಕೂರು

ಫ್ಲ್ಯಾಗ್ ಹೋಯ್ಸ್ಟಿಂಗ್. ಲಾಡು ಕೊಟ್ಟರು. ರೂಮ್‌ಮೇಟ್ ನನ್ನ ಬಟ್ಟೆಯಿಂದ ಏನೋ ಸುಟ್ಟ ವಾಸನೆ ಬರುತ್ತೆ ಅಂದ. ಎರಡು ಸಲ ಒಗೆದಿದ್ದೇನೆ. ಮೆಸ್ಸಿನ ಹಿಂದೆ ನಿಂತು ಪಡುವಣ ಕಡೆ ನೋಡಿದೆ. ಕಪ್ಪಾಗಿತ್ತು. ಊರ ಕಡೆಗೇ ಅದು.

ಆಗಸ್ಟ್ 25, ಭಾನುವಾರ, ಮಖೆ

ಶನಿವಾರ ಬಂದರೆ ಸಾಕು ಊರಿಗೆ ಹೊರಟುಬಿಡುತ್ತೇನೆ. ಅಪ್ಪನ ಜೊತೆ ತೋಟಕ್ಕೆ ಹೋಗಿ ಪಾತಿ ಕೆರೆದೆ. ಗುಣಿ ಇದ್ದ ಜಾಗ ತಗ್ಗಾಗೇ ಇದೆ, ಅಪ್ಪ ಮುಚ್ಚಿಲ್ಲ. ಮಧ್ಯಾಹ್ನ ನಾಲ್ಕು ಹನಿ ಉದುರಿತು. ಗರಿ ಮೇಲೆ ಪಟಪಟ ಅಂದಿದ್ದಕ್ಕೆ ನಾನು ಗುದ್ದಲಿ ಬಿಟ್ಟು ಬಯಲಿಗೆ ಓಡಿ ಬಂದು ಮುಖ ಮೇಲೆತ್ತಿದೆ. ಬಂದ್ಬುಡು ತಾಯಿ ಅಂತ ಬಾಯಲ್ಲಿ ಬಂತು. ಅಷ್ಟೊತ್ತಿಗೆ ನಿಂತುಹೋಯಿತು. ತಿರುಗಿದರೆ ಅಪ್ಪ ನನ್ನನ್ನೇ ನೋಡುತ್ತಾ ನಿಂತಿದ್ದ. ಮತ್ತೆ ಪಾತಿಗೆ ಬಗ್ಗಿದ.

ಮಳೆ ಬರದಿದ್ದಕ್ಕೆ ಊರಿನವರಿಗೆ ಬುದ್ಧಿ ಬರುತ್ತದೆ ಅಂದುಕೊಂಡಿದ್ದೆ. ಬಂದಿಲ್ಲ. ಮಣ್ಣಲ್ಲಿ ಇಂಥದ್ದು ಇನ್ನೊಂದು ಎಲ್ಲೋ ಇರಬೇಕು ಅನ್ನುತ್ತಿದ್ದಾರೆ. ಬಿಸಿಲಲ್ಲೂ ಗಂಡಸರು ತುಂಬುತೋಳಿನ ಅಂಗಿ ಹಾಕಿಕೊಂಡು ಓಡಾಡುತ್ತಾರೆ. ಬೋರ್‌ವೆಲ್ ಹತ್ತಿರ ಹೆಂಗಸರು ಒಬ್ಬರ ಮೊಣಕೈ ಒಬ್ಬರು ನೋಡುತ್ತಾರಂತೆ. ಇರೋರ್ನ ಈಗ್ಲೇ ನೋಡಿಟ್ಕೊಂಡಿದ್ರೆ, ಆಮೇಲೆ ಅಗೆಯೋ ಪಾಪ ಇರಲ್ಲ ಅಂತ ಬಸವರಾಜಪ್ಪನವರು ಅಂದರಂತೆ.

ಸೆಪ್ಟೆಂಬರ್ 8, ಭಾನುವಾರ, ಹುಬ್ಬೆ

ನಾಳೆ ಗೌರಿ. ನಮಗೆ ಈ ವರ್ಷ ಹಬ್ಬ ಇಲ್ಲ.

ಸಿದ್ದಮ್ಮಜ್ಜಿ ಹದಿನೈದು ದಿನದಿಂದ ಮಲಗಿದ್ದಾಳೆ. ಗಂಜಿ ಇಳಿಯುತ್ತಿಲ್ಲ. ಬೆಳಗ್ಗೆ ಕೆಂಚಪ್ಪ ಬಂದು, ರಂಗಪ್ಪ, ಸ್ವಲ್ಪ ಬಂದೋಗು ಅಂದ. ಅವನ ಮುಖ ನೋಡಿದ ತಕ್ಷಣ ಯಾಕೆ ಅಂತ ಗೊತ್ತಾಯಿತು. ಜಗಲಿ ಮೇಲೆ ಬಸವರಾಜಪ್ಪನವರು, ಇನ್ನಿಬ್ಬರು ಹಿರಿಯರು ಕೂತಿದ್ದರು. ಅವಳನ್ನು ಒರೆಸುವಾಗ ಸೊಸೆ ತೋಳಲ್ಲಿ ಏನೋ ಕಂಡಳಂತೆ, ಬೆದರಿ ಹೊರಗೆ ಹೇಳಿಬಿಟ್ಟಿದ್ದಾಳೆ. ಮಣ್ಣೋ ಬೆಂಕಿಯೋ ಈಗಲೇ ಗೊತ್ತಾದರೆ ಒಳ್ಳೆಯದು, ನೀನು ಓದಿರೋನು, ನೋಡಿ ಹೇಳು ಅಂದರು. ಕೆಂಚಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಅಂಕಮ್ಮತ್ತೆಗೆ ಬೆಂಕಿ ಇಟ್ಟ ದಿನ ಮಟ್ಟೆ ಹೊತ್ತು ತಂದವರಲ್ಲಿ ಅವನೂ ಒಬ್ಬ.

ಒಳಗೆ ಹೋದೆ. ಬಾಗಿಲು ತೆರೆದೇ ಇತ್ತು, ಅವರಿಗೆಲ್ಲ ಕಾಣುತ್ತಿತ್ತು. ಅಜ್ಜಿ ಹಗುರಾಗಿಬಿಟ್ಟಿದ್ದಾಳೆ. ತೋಳಿನತ್ತ ಚಾಚಿದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡದ್ದನ್ನು ನೋಡಿ, "ನಾಚ್ಕೊಬ್ಯಾಡ ನೋಡ್ಲಾ. ನಿಂಗೆ ಉಚ್ಚೆ ಹೊಯ್ಸಿ ಬೆಳೆಸ್ದೋಳು," ಅಂದಳು. ರವಿಕೆ ತೋಳು ತಾನೇ ಸರಿಸಿದಳು.

ಬೆಳಕಿಗೆ ತಿರುಗಿಸಿ ನೋಡಿದೆ. ಬೆರಳಿಟ್ಟು ಒತ್ತಿದೆ. ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದೆ, ಡಾಕ್ಟರ್ ಮಾಡುವ ಹಾಗೆ. ನೋಡಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಹೊರಗೆ ಬಂದು ಸಿಬ್ಬು ಅಂದೆ. ಬೆವರಿಗೆ ಬರೋದು, ಹೊಟ್ಟು ಏಳ್ತಾ ಐತೆ, ನಮ್ಮ ಹಾಸ್ಟೆಲಲ್ಲಿ ಅರ್ಧ ಹುಡುಗರಿಗೆ ಐತೆ. ಮೆಡಿಕಲ್ ಸ್ಟೋರಲ್ಲಿ ಮುಲಾಮು ಸಿಗುತ್ತೆ, ತಂದು ಹಚ್ಚಿ. ತೊನ್ನಾದರೆ ಹೊಟ್ಟು ಏಳುವುದಿಲ್ಲ ಅಂತಲೂ ಸೇರಿಸಿದೆ. ಒಬ್ಬ ಹಿರಿಯರು, ಇನ್ನೊಂದ್ಸಲ ನೋಡಪ್ಪ, ಊರಿನ ಕೆಲ್ಸ ಅಂದರು. ಬೇಕಾಗಿಲ್ಲ ಅಂದೆ. ಬಸವರಾಜಪ್ಪನವರು ನನ್ನ ಮುಖವನ್ನೇ ನೋಡಿದರು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ನಾನೂ ನೋಡಿದೆ. ಆಮೇಲೆ ಅವರು ಮೊಣಕಾಲು ಹಿಡಿದುಕೊಂಡು ಎದ್ದರು.

"ಸ್ವಂತ ಸೋದರತ್ತೆ ವಿಷ್ಯದಾಗೇ ಸುಳ್ಳಾಡದ ಹುಡ್ಗ. ಇನ್ ಕೆಂಚಪ್ಪನ ಅವ್ವಂಗೆ ಆಡ್ತಾನಾ. ಏಳ್ರಪ್ಪ."

ಹೋದರು. ಕೆಂಚಪ್ಪ ಕುಸಿದು ಕೂತು ಅತ್ತ. ನಾನು ಒಳಗೆ ಹೋಗಿ ಅಜ್ಜಿಯ ರವಿಕೆ ತೋಳು ಕೆಳಗೆ ಎಳೆದೆ. ಸೊಸೆಗೆ, ಇನ್ಮೇಲೆ ಒರೆಸೋದು ನಮ್ಮವ್ವ ಬಂದು ಮಾಡ್ತಾಳೆ ಅಂದೆ. ಅಜ್ಜಿ ನನ್ನ ಬೆರಳು ಹಿಡಿದುಕೊಂಡಿದ್ದಳು.

"ಈಗ್ ಓದು ಬಂತು ಬುಡು ನಿಂಗೆ," ಅಂದಳು.

ಮನೆಗೆ ಬಂದು ಊಟ ಮಾಡಿದೆ. ಅವ್ವ ಏನಂತೆ ಅಂದಳು. ಸಿಬ್ಬಂತೆ ಅಂದೆ. ಇನ್ನೊಂದು ತುತ್ತು ಮುದ್ದೆ ಹಾಕಿದಳು. ಸಿಬ್ಬೇ ಅದು.

ಸೆಪ್ಟೆಂಬರ್ 12, ಹುಬ್ಬೆ ಮುಗೀತಾ ಬಂತು

ನಿನ್ನೆ ಸಂಜೆ ಸಿದ್ದಮ್ಮಜ್ಜಿ ಹೋದಳು. ಈ ವಾರ ಕಾಲೇಜಿಗೆ ಹೋಗಿರಲಿಲ್ಲ. ಮೈ ತೊಳೆದದ್ದು ಅವ್ವ, ಒಬ್ಬಳೇ, ಸೀರೆ ಅಡ್ಡ ಕಟ್ಟಿಕೊಂಡು.

ಹೊಲದ ಮೂಲೆಯಲ್ಲೇ ಗುಣಿ. ನೆಲ ಕಲ್ಲಾಗಿದೆ. ದುರ್ಗಯ್ಯನ ಕೈ ಸೋತು, ನಾನೂ ದಯಾನಂದನೂ ಸರದಿ ಮೇಲೆ ಹಾರೆ ಹಾಕಿದೆವು. ಮಗುವಿನ ಗುರುತು ಏನೂ ಸಿಗಲಿಲ್ಲ, ಒಂದು ಚಪ್ಪಡಿ ಬಿಟ್ಟರೆ. ಅದರ ಮಗ್ಗುಲಿಗೇ ಸರಿಸಿ ಇಳಿಸಿದೆವು. ಚಟ್ಟದ ಒಂದು ಮೂಲೆಗೆ ನಾನು ಹೆಗಲು ಕೊಟ್ಟಿದ್ದೆ. ಅಪ್ಪ ನನ್ನ ಹಿಂದಿನ ಮೂಲೆಗೆ.

ಬಸವರಾಜಪ್ಪನವರು ಮೊದಲು ಮಣ್ಣು ಹಾಕಿ ಮುಗಿಲು ನೋಡಿದರು. ಒಂದು ತುಂಡು ಮೋಡ ಇರಲಿಲ್ಲ. ಎಲ್ಲರೂ ನೋಡಿದರು, ನಾನೂ ನೋಡಿದೆ. ಮಣ್ಣು ಬೀಳುತ್ತಿದ್ದ ಸದ್ದು ಒಂದು ಗಳಿಗೆ ನಿಂತಿತು. ದಯಾನಂದ ಮುಷ್ಟಿಯಲ್ಲಿ ಮಣ್ಣು ಹಿಡಿದುಕೊಂಡೇ ನನ್ನ ಕಿವಿ ಹತ್ತಿರ ಬಂದ.

"ಸಿಬ್ಬೇ ತಾನೇನ್ಲಾ?"

"ಸಿಬ್ಬೇ ಕಣ್ಲಾ. ಹಾಕು ಮಣ್ಣ," ಅಂದೆ.